ರದ್ದು ಮಾಡಲು ಕರೆ ಮಾಡಿ

ರಾಯರ ಮೊಬೈಲಿಗೆ ಮೇಲ್ ಬಂದಿತ್ತು: ಆಂಟಿವೈರಸ್ ನವೀಕರಣಕ್ಕೆ 399 ಡಾಲರ್, ಬೇಡವೆಂದರೆ ಈ ನಂಬರಿಗೆ ಕರೆ ಮಾಡಿ.

“ನಮ್ಮನೇಲಿ ಕಂಪ್ಯೂಟರೇ ಇಲ್ಲವಲ್ಲೇ!”

“ಇದ್ದವರಿಗೂ ಇದೇ ಬಿಲ್ ಹೋಗಿರುತ್ತೆ ತಾತ,” ಎಂದಳು ಮೊಮ್ಮಗಳು.

“ಲಿಂಕೇ ಇಲ್ಲ, ಮೋಸ ಹೇಗಾದೀತು?”

“ಲಿಂಕಿದ್ದರೆ ಸ್ಪ್ಯಾಮ್ ಜರಡಿಗೆ ಸಿಕ್ಕಿಬೀಳಬಹುದು, ಬರೀ ನಂಬರಾದರೆ ನುಸುಳೋದು ಸುಲಭ. ಫೋನ್ ಮಾಡಿದರೆ ‘ಸರ್, ಹಣ ವಾಪಸ್ ಕೊಡ್ತೀವಿ, ಎನಿಡೆಸ್ಕ್ ಆ್ಯಪ್ ಹಾಕಿಕೊಳ್ಳಿ’ ಅಂತಾರೆ. ಆಮೇಲೆ ನಿಮ್ಮ ಪರದೆ ಅವರ ಕೈಲಿ.”

“ಸರ್ ಅಂತಾರಾ? ಬ್ಯಾಂಕಿನವರು ಒಂದು ದಿನವೂ ಅಂದಿಲ್ಲ!”

ರಾಯರ ಆಸೆಗೂ ಅರ್ಥವಿದೆ. ಅಸಲಿ ಕಂಪನಿಗೆ ಫೋನ್ ಮಾಡಿದರೆ ಅರ್ಧ ಗಂಟೆ ಸಂಗೀತ ಕೇಳಬೇಕು; ನಕಲಿಯವರು ಮೊದಲ ರಿಂಗಿಗೇ ಎತ್ತುತ್ತಾರೆ.

ಮೊಮ್ಮಗಳು ಮೇಲ್ ಅಳಿಸಿದಳು. ಆಗಲೇ ಹಣ ಕಳೆದುಕೊಂಡವರು ತಡಮಾಡದೆ ಒತ್ತಬೇಕಾದ ನಂಬರು ಬೇರೆ: ಸೈಬರ್ ಸಹಾಯವಾಣಿ 1930.