ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಎಂ.ಎಸ್ಸಿ. ವಿದ್ಯಾರ್ಥಿಗಳು ಫೂರಿಯೆ ಪರಿವರ್ತನೆಯ ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸಬಲ್ಲರು. ಅದೇ ಗಣಿತದಿಂದ ಒಂದು ಗೆಲಾಕ್ಸಿಯ ಚಿತ್ರ ಮೂಡುವುದನ್ನು ಅವರಲ್ಲಿ ಎಷ್ಟು ಜನ ಕಂಡಿದ್ದಾರೆ? ಕಾಣಿಸಲು ಬೇಕಾದ ತಂತ್ರಾಂಶಕ್ಕೂ ದುಡ್ಡು ಕೊಡಬೇಕಿಲ್ಲ, ದತ್ತಾಂಶಕ್ಕೂ ಕೊಡಬೇಕಿಲ್ಲ. ಅವೆರಡನ್ನೂ ನಿಮ್ಮ ಪ್ರಯೋಗಾಲಯಕ್ಕೆ ತನ್ನಿ ಎಂದು ಕೇಳಿಕೊಳ್ಳಲು ಈ ಪತ್ರ.

ಪುಣೆಯಿಂದ ಉತ್ತರಕ್ಕೆ, ಖೊಡದ್ ಹಳ್ಳಿಯ ಬಳಿ, ಗೋವಿಂದ ಸ್ವರೂಪ್ ಅವರ ಮುಂದಾಳತ್ವದಲ್ಲಿ ಎದ್ದುನಿಂತ ಜಿಎಂಆರ್‌ಟಿ ರೇಡಿಯೊ ದೂರದರ್ಶಕ ನಿಮಗೆ ಗೊತ್ತೇ ಇದೆ. 45 ಮೀಟರ್ ವ್ಯಾಸದ 30 ಡಿಶ್‌ಗಳು. ಎರಡೆರಡನ್ನು ಕೂಡಿಸಿದರೆ 435 ಜೋಡಿ. ಒಂದೊಂದು ಜೋಡಿಯೂ ಆಕಾಶದ ಫೂರಿಯೆ ಪರಿವರ್ತನೆಯ ಒಂದೊಂದು ಬಿಂದುವನ್ನು ಅಳೆಯುತ್ತದೆ. ಭೂಮಿ ತಿರುಗಿದಂತೆ ಆ ಬಿಂದುಗಳು ಸರಿಯುತ್ತ ಖಾಲಿ ಜಾಗಗಳನ್ನು ತುಂಬುತ್ತವೆ. ವೀಕ್ಷಣೆ ನಡೆಸಿದವರ ಮೀಸಲು ಅವಧಿ ಮುಗಿದ ಮೇಲೆ ಈ ದತ್ತಾಂಶ ಸಾರ್ವಜನಿಕ ಭಂಡಾರದಲ್ಲಿ ಸಿಗುತ್ತದೆ.

ಅದನ್ನು ಚಿತ್ರವಾಗಿಸುವ ತಂತ್ರಾಂಶಗಳಲ್ಲಿ ಮುಖ್ಯವಾದದ್ದು ಕಾಸಾ. ಅಮೆರಿಕದ ರಾಷ್ಟ್ರೀಯ ರೇಡಿಯೊ ಖಗೋಳ ವೀಕ್ಷಣಾಲಯವೂ ಅದರ ಸಹಯೋಗಿ ಸಂಸ್ಥೆಗಳೂ ಬೆಳೆಸಿದ, ಎಲ್ಲರಿಗೂ ಮುಕ್ತವಾದ ತಂತ್ರಾಂಶ ಅದು. ಲಿನಕ್ಸ್ ಇದ್ದರೆ ಕಡತವನ್ನು ಇಳಿಸಿಕೊಂಡು, ಬಿಚ್ಚಿ, ಅಲ್ಲಿಂದಲೇ ಓಡಿಸಬಹುದು. ಪಿಪ್ ಎಂಬ ಪೈಥಾನ್ ಸಾಧನದ ಮೂಲಕ ಹಾಕುವುದಾದರೆ ಪೈಥಾನ್ ಆವೃತ್ತಿ ತಾಳೆಯಾಗಬೇಕು. ಹೊಸಬರು ಎಡವುವುದು ಇಲ್ಲೇ. ಲ್ಯಾಬಿನಲ್ಲಿ ಇರುವುದೆಲ್ಲ ವಿಂಡೋಸ್, ಕಾಸಾ ಅದರ ಮೇಲೆ ನೇರವಾಗಿ ನಡೆಯುವುದಿಲ್ಲ. ಪೈಥಾನ್ ಹೊಂದದಿದ್ದಾಗ ತೆರೆಯ ಮೇಲೆ ಬರುವ ದೋಷಸಂದೇಶದ ತಲೆಬುಡ ತಿಳಿಯುವುದಿಲ್ಲ. ಕೇಳಲು ಯಾರೂ ಇಲ್ಲದ ಹುಡುಗಿ, ತನಗೆ ಖಗೋಳವಿಜ್ಞಾನ ಒಗ್ಗದು ಎಂದುಕೊಂಡು ಎದ್ದುಹೋಗುತ್ತಾಳೆ. ಅವಳಿಗೆ ಒಗ್ಗದ್ದು ಖಗೋಳವಿಜ್ಞಾನವಲ್ಲ, ಒಂದು ಆವೃತ್ತಿ ಸಂಖ್ಯೆ ಮಾತ್ರ. ಕೋಡನ್ನು ತೆರೆದಿಟ್ಟ ಮಾತ್ರಕ್ಕೆ ಬಾಗಿಲು ತೆರೆದಂತಾಗದು. ಮೊದಲ ದಿನ ಪಕ್ಕದಲ್ಲಿ ಕೂರುವವರು ಬೇಕು. ಅದು ಕಾಲೇಜು ಮಾಡಬಹುದಾದ ಕೆಲಸ.

ಶುರುವಿಗೆ ಕಾಸಾದ ಪಾಠಗಳಲ್ಲಿ ಸೂಪರ್‌ನೋವಾ ಅವಶೇಷ 3ಸಿ 391ರ ಪಾಠ ಚೆನ್ನಾಗಿದೆ. ನ್ಯೂ ಮೆಕ್ಸಿಕೊದ ವಿಎಲ್‌ಎ ದೂರದರ್ಶಕದ ನಿಜವಾದ ದತ್ತಾಂಶವನ್ನು ಅದರಲ್ಲಿ ಹಂತ ಹಂತವಾಗಿ ಬಳಸಲು ಕಲಿಸುತ್ತಾರೆ. ಮೊದಲು ದತ್ತಾಂಶವನ್ನು ನಕ್ಷೆ ಹಾಕಿ ನೋಡಬೇಕು. ಕೆಟ್ಟುಹೋದದ್ದನ್ನು ಗುರುತಿಸಿ ಬದಿಗಿಡಬೇಕು. ಯಾವುದು ಆಕಾಶದ ಸಂಕೇತ, ಯಾವುದು ಮನುಷ್ಯರ ಯಂತ್ರಗಳ ಗದ್ದಲ ಎಂಬ ತೀರ್ಮಾನವನ್ನು ವಿದ್ಯಾರ್ಥಿ ಕಾರಣ ಕೊಟ್ಟು ಸಮರ್ಥಿಸಿಕೊಳ್ಳಬೇಕು. ಆಮೇಲೆ, ಪ್ರಕಾಶ ಮೊದಲೇ ಗೊತ್ತಿರುವ 3ಸಿ 286 ಆಕರವನ್ನು ಅಳತೆಗೋಲಾಗಿ ಇಟ್ಟುಕೊಂಡು ಒಂದೊಂದು ಆಂಟೆನಾದ ತಪ್ಪನ್ನೂ ತಿದ್ದಬೇಕು. ಕೊನೆಗೆ, ಯಾನ್ ಹೊಗ್ಬೊಮ್ 1974ರಲ್ಲಿ ಪ್ರಕಟಿಸಿದ ಕ್ಲೀನ್ ವಿಧಾನದಿಂದ, ಅಳೆಯದೆ ಉಳಿದ ಬಿಂದುಗಳು ಚಿತ್ರದಲ್ಲಿ ಬಿಟ್ಟ ಕಲೆಗಳನ್ನು ತೆಗೆಯಬೇಕು. ಅಳತೆ, ದೋಷ, ವಿವೇಚನೆ ಎಲ್ಲವೂ ಒಂದೇ ಪ್ರಯೋಗದಲ್ಲಿ ಸಿಗುತ್ತವೆ. ಉತ್ತರ ಮೊದಲೇ ಬರೆದಿಟ್ಟ ರೆಕಾರ್ಡ್ ಪುಸ್ತಕದಲ್ಲಿ ಇದು ಸಿಗುವುದಿಲ್ಲ.

ನಮ್ಮ ನಾಡಿಗೆ ಈ ವಿದ್ಯೆ ಹೊಸದಲ್ಲ. ಗೌರಿಬಿದನೂರಿನ ವೀಕ್ಷಣಾಲಯದಲ್ಲಿ ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಹಾಸಿದ 1000 ಡೈಪೋಲ್‌ಗಳು 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಅಳೆದವು. ಅದರಿಂದ ತಯಾರಾದ ನಕ್ಷೆ 1990ರಲ್ಲಿ ಪ್ರಕಟವಾಯಿತು. ಅಂಥ ಪರಂಪರೆಯ ಹತ್ತಿರದಲ್ಲೇ ಓದುವ ಮಕ್ಕಳಿಗೆ ಕಚ್ಚಾ ದತ್ತಾಂಶವನ್ನು ಮುಟ್ಟುವ ಅವಕಾಶ ಸಿಗಲೇಬೇಕು.

ಆದ್ದರಿಂದ ಮೂರು ಬೇಡಿಕೆ. ಲ್ಯಾಬಿನ ಎರಡು ಕಂಪ್ಯೂಟರುಗಳಿಗಾದರೂ ಲಿನಕ್ಸ್ ಹಾಕಿಸಿ. ದತ್ತಾಂಶವನ್ನು ಒಮ್ಮೆ ಇಳಿಸಿ ಕಾಲೇಜಿನಲ್ಲೇ ಇಟ್ಟುಕೊಳ್ಳಿ, ಪ್ರತಿ ವಿದ್ಯಾರ್ಥಿಯೂ ತನ್ನ ಮೊಬೈಲ್ ಡೇಟಾ ಸುಡುವಂತಾಗಬಾರದು. ತಂತ್ರಾಂಶ ಹಾಕುವುದರಿಂದ ಹಿಡಿದು ಚಿತ್ರ ತೆಗೆಯುವವರೆಗಿನ ಕೆಲಸವನ್ನು ಪ್ರಾಯೋಗಿಕ ಪರೀಕ್ಷೆಯ ಅಂಕಗಳಿಗೆ ಸೇರಿಸಿ. ಅಂಕ ಇಲ್ಲದ ಕೆಲಸಕ್ಕೆ ನಮ್ಮ ವ್ಯವಸ್ಥೆಯಲ್ಲಿ ಸಮಯ ಸಿಗುವುದಿಲ್ಲ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಇತಿ,
ರೇಡಿಯೊ ಆಕಾಶದ ಒಬ್ಬ ಅಭಿಮಾನಿ