ಪಾದವೋ ಮೂಗೋ: ಪಾಮುಕ್ಕಲೆ ಕುರಿತು ಒಂದು ಕಿರುಮೀಮಾಂಸೆ

ಪಶ್ಚಿಮ ತುರ್ಕಿಯ ಪಾಮುಕ್ಕಲೆಗೆ ಹೋದವನ ಗತಿಯನ್ನು ನಿರ್ಣಯಿಸುವ ಅಂಗ ಪಾದವೋ ಮೂಗೋ ಎಂಬ ಜಿಜ್ಞಾಸೆಯನ್ನು ಪೂರ್ವಸೂರಿಗಳಾರೂ ಕೈಗೆತ್ತಿಕೊಂಡಂತಿಲ್ಲ. ಲೋಕಹಿತಾರ್ಥವಾಗಿ ಆ ಭಾರವನ್ನು ನಾವೇ ಹೊತ್ತಿದ್ದೇವೆ.

ಮೊದಲು ಪಾದಪಕ್ಷ. ಬೆಟ್ಟದ ಬುಗ್ಗೆಗಳಿಂದ ಸುಮಾರು 35 ಡಿಗ್ರಿ ಬಿಸಿಯ ನೀರು ಉಕ್ಕುತ್ತದೆ. ಗಾಳಿ ಸೋಕುತ್ತಲೇ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಮೊದಲು ಲೋಳೆಯಾಗಿ, ಆಮೇಲೆ ಕಲ್ಲಾಗಿ, ಬೆಳ್ಳಗೆ ಅಂತಸ್ತು ಅಂತಸ್ತಾಗಿ ಕೂರುತ್ತದೆ. ಗಡಸು ನೀರು ಕಾಯಿಸುವ ನಮ್ಮ ಬಚ್ಚಲ ಹಂಡೆಯೊಳಗಿನ ಬಿಳಿ ಪದರವೂ ಇದೇ ಕುಲಗೋತ್ರದ್ದು. ಯುನೆಸ್ಕೊ 1988ರಲ್ಲಿ ಮನ್ನಣೆ ಕೊಟ್ಟದ್ದು ಮಾತ್ರ ಪಾಮುಕ್ಕಲೆಗೆ. ಈ ಬಿಳುಪಿನ ಮೇಲೆ ಚಪ್ಪಲಿ ನಿಷಿದ್ಧ. ಆದ್ದರಿಂದ ಪ್ರವಾಸಿಗರಲ್ಲಿ ಎರಡು ಪಂಥಗಳಾಗಿವೆ: ಪ್ಯಾಂಟು ಮಡಚಿದವರು, ಮಡಚಿದ್ದು ಜಾರಿ ತೊಯ್ದವರು. ಮೊದಲನೆಯದು ಎರಡನೆಯದರ ಪೂರ್ವಾವಸ್ಥೆ ಎಂಬುದೇ ನಮ್ಮ ಸಿದ್ಧಾಂತ.

ಇನ್ನು ಮೂಗಿನ ಪಕ್ಷ. ಬೆಟ್ಟದ ನೆತ್ತಿಯಲ್ಲಿ ಹೀರಾಪೊಲಿಸ್ ಪಟ್ಟಣದ ಅವಶೇಷಗಳಿವೆ. ಅಲ್ಲಿದ್ದ ಪಾತಾಳದ್ವಾರವೊಂದರೊಳಗೆ ಹೊಕ್ಕ ಹೋರಿ ಸಾಯುತ್ತಿತ್ತು. ಪ್ರಾಚೀನ ಭೂಗೋಳಕಾರ ಸ್ಟ್ರಾಬೊ ಒಳಕ್ಕೆ ಗುಬ್ಬಚ್ಚಿಗಳನ್ನು ಎಸೆದು ನೋಡಿದ; ಅವೂ ಸತ್ತವು. (ಗುಬ್ಬಚ್ಚಿಗಳ ಅಭಿಪ್ರಾಯ ದಾಖಲಾಗಿಲ್ಲ.) ಕಿಬೆಲೆ ದೇವಿಯ ಪೂಜಾರಿಗಳು ಮಾತ್ರ ಉಸಿರು ಬಿಗಿಹಿಡಿದು ಹೋಗಿ, ಜೀವಂತವಾಗಿ ಹೊರಬರುತ್ತಿದ್ದರು. ಭಕ್ತರು ಕೈಮುಗಿದರು. ಇಂದಿನ ವಿಜ್ಞಾನಿಗಳು ಅಳೆದು ನೋಡಿ ಹೇಳುವುದಿಷ್ಟು: ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಮಡುಗಟ್ಟುತ್ತದೆ, ಹೋರಿಯ ಮೂಗು ಕೆಳಗೆ, ಪೂಜಾರಿಯ ಮೂಗು ಮೇಲೆ. ಅಲ್ಲಿಗೆ ಪೌರೋಹಿತ್ಯದ ಮುಖ್ಯ ಅರ್ಹತೆ ನಾಸಿಕದ ಎತ್ತರವೆಂದಾಯಿತು. ಹೊರಗೆ ಬಿಳಿ ಮೆಟ್ಟಿಲು ಕಟ್ಟಿಸಿದ್ದೂ ಒಳಗೆ ಗುಬ್ಬಚ್ಚಿ ಕೊಂದದ್ದೂ ಒಂದೇ ಅನಿಲ. ಈ ಊರಲ್ಲಿ ಸುಖಕ್ಕೂ ಸಾವಿಗೂ ಒಬ್ಬನೇ ಸರಬರಾಜುದಾರ.

ಆಧುನಿಕ ಪ್ರವಾಸಿ ಮೂಗಿನ ಬದಲು ಮೊಬೈಲನ್ನು ಎತ್ತಿ ಹಿಡಿಯುತ್ತಾನೆ ಎಂದು ಮೂದಲಿಸುವವರುಂಟು. ಅವರು ಉತ್ತರದ ಸ್ಮಶಾನದಲ್ಲಿ ವ್ಯಾಪಾರಿ ಫ್ಲೇವಿಯಸ್ ಝ್ಯೂಕ್ಸಿಸನ ಗೋರಿಯನ್ನು ಓದಬೇಕು. ಮಲೇಯಾ ಭೂಶಿರ ಬಳಸಿ 72 ಸಲ ಇಟಲಿಗೆ ಹೋಗಿದ್ದೆನೆಂದು ಮಹಾಶಯ ಕಲ್ಲಿನಲ್ಲಿ ಕೆತ್ತಿಸಿದ್ದಾನೆ. ಲೈಕು ಒತ್ತುವವರಿಲ್ಲದಿದ್ದರೂ ಸ್ಟೇಟಸ್ ಇನ್ನೂ ಅಳಿದಿಲ್ಲ.

ಆದ್ದರಿಂದ ನಿರ್ಣಯ: ಹೋರಿಗೆ ಮೂಗು ಪ್ರಮಾಣ, ಪ್ರವಾಸಿಗೆ ಪಾದ. ಹೊರಡುವ ವಾಚಕರು ಚಪ್ಪಲಿ ಇಡಲು ಒಂದು ಕೈಚೀಲ ಒಯ್ಯತಕ್ಕದ್ದು. ಬಿಳಿ ಮೆಟ್ಟಿಲು ಮುಗಿದ ಮೇಲೆ ಹೀರಾಪೊಲಿಸ್ಸನ್ನು ನಡೆದು ನೋಡುವವರಿಗೆ ಅದು ಬೇಕಾಗುತ್ತದೆ, ಬೇಸಿಗೆಯಲ್ಲಿ ಅಲ್ಲಿನ ಕಲ್ಲು ಕಾದಿರುತ್ತದೆ.