ಅಂದ್ರೆಷ್ಟಣ್ಣ

ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆ ಹಗರೆಯಲ್ಲಿ ಕವಲೊಡೆದು ಹಳೇಬೀಡಿನ ಕಡೆಗೂ ತಿರುಗುತ್ತದೆ. ಅಲ್ಲಿ ಕಾರು ನಿಲ್ಲಿಸಿ ದಾರಿ ಕೇಳುವವರಲ್ಲಿ ನನ್ನದೊಂದು ವಿನಂತಿ: ಬಿಳಿ ಪಂಚೆ ಉಟ್ಟು, ಅಂಗಿ ಜೇಬಿಗೆ ಎರಡು ಪೆನ್ನು ಸಿಗಿಸಿಕೊಂಡ ಹಿರಿಯರನ್ನು ಮಾತ್ರ ಕೇಳಬೇಡಿ. ದಾರಿಯನ್ನೇನೋ ಸರಿಯಾಗೇ ಹೇಳುತ್ತಾರೆ. ಆದರೆ ಕಿಲೋಮೀಟರನ್ನು ಮೈಲಿಗೆ, ಮೈಲಿಯನ್ನು ಹರದಾರಿಗೆ ಇಳಿಸಿ ಮುಗಿಸುವಷ್ಟರಲ್ಲಿ ದೇವಸ್ಥಾನದ ಬಾಗಿಲು ಹಾಕಿರುತ್ತಾರೆ.

ಊರು ಅವರಿಗಿಟ್ಟ ಹೆಸರು ಅಂದ್ರೆಷ್ಟಣ್ಣ. ಯಾರ ಬಾಯಲ್ಲಿ ಯಾವ ಅಂಕಿ ಬಂದರೂ "ಅಂದ್ರೆ ಎಷ್ಟಾಯ್ತು?" ಎಂದು ಕೇಳಿ, ಉತ್ತರವನ್ನೂ ತಾವೇ ಕೊಡುತ್ತಾರೆ. ಇಂಥವರೊಬ್ಬರು ನಿಮ್ಮೂರಿನ ಟೀ ಅಂಗಡಿಯಲ್ಲೂ ಇದ್ದೇ ಇರುತ್ತಾರೆ, ನೋಡಿ.

ಈ ಚಟದ ಮೂಲ 1957ರ ಏಪ್ರಿಲ್‌ನಲ್ಲಿದೆ. ಹದಿನಾರಾಣೆಯ ರೂಪಾಯಿ ಹೋಗಿ ನೂರು ನಯಾ ಪೈಸೆಯ ರೂಪಾಯಿ ಬಂದಾಗ ಅಣ್ಣನವರಿನ್ನೂ ಚಡ್ಡಿ ಹುಡುಗ. ಲೆಕ್ಕದ ಪ್ರಕಾರ ಆಣೆಗೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯವೇ ಇಲ್ಲವಲ್ಲ, ಹಾಗಾಗಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಸರ್ಕಾರ ಗೊತ್ತುಮಾಡಿತು. ನಾಲ್ಕಾಣೆಯ ಪೆಪ್ಪರ್‌ಮೆಂಟನ್ನು ಒಟ್ಟಿಗೆ ಕೊಂಡರೆ 25 ಪೈಸೆ, ಒಂದೊಂದಾಣೆಯಂತೆ ನಾಲ್ಕು ಸಲ ಕೊಂಡರೆ 24 ಎಂಬುದನ್ನು ಹುಡುಗ ಕಂಡುಹಿಡಿದ. ಉಳಿದ ಒಂದು ಪೈಸೆಗಾಗಿ ಅಂಗಡಿಗೆ ನಾಲ್ಕು ಸಲ ಓಡಾಡಿದ. ಮರುವರ್ಷದಿಂದ ಸೇರು ಹೋಗಿ ಕಿಲೋ, ಗಜ ಹೋಗಿ ಮೀಟರು ಒಂದೊಂದಾಗಿ ಬರತೊಡಗಿದವು. ಹಳೆ ಮಗ್ಗಿ ಮರೆಯುವ ಮೊದಲೇ ಹೊಸದನ್ನು ಕಲಿತ ಆ ತಲೆ ಇವತ್ತಿಗೂ ಎರಡೂ ಕಡೆಯ ಖಾತೆ ಬರೆಯುತ್ತಿದೆ.

ಹಾಗೆ ನೋಡಿದರೆ ಹಗರೆಗೆ ಅವರ ಸೇವೆಯ ಅಗತ್ಯ ಅಷ್ಟಕ್ಕಷ್ಟೆ. ಇಲ್ಲಿ ಮನೆ ಕಟ್ಟುವವನು ಮೂವತ್ತು-ನಲವತ್ತು ಅಡಿ ಸೈಟಿನಲ್ಲಿ ಹನ್ನೆರಡು ಎಂಎಂ ಕಂಬಿ ಕಟ್ಟಿಸಿ, ಇಪ್ಪತ್ತು ಎಂಎಂ ಜಲ್ಲಿ ಸುರಿಸಿ, ಮುಕ್ಕಾಲಿಂಚು ಪೈಪು ಎಳೆಸಿ, ಐವತ್ತು ಕಿಲೋ ಮೂಟೆಯ ಸಿಮೆಂಟು ಕಲಸಿ, ಗೃಹಪ್ರವೇಶಕ್ಕೆ ಮಾರುಗಟ್ಟಲೆ ಹೂ ತರುತ್ತಾನೆ. ಯಾವ ಅಳತೆಯನ್ನೂ ಇನ್ನೊಂದಕ್ಕೆ ತಿರುಗಿಸುವುದಿಲ್ಲ. ಮನೆ ನೆಟ್ಟಗೇ ನಿಲ್ಲುತ್ತದೆ. ಶುಂಠಿಗೆ ಅರವತ್ತು ಕಿಲೋ ಚೀಲದ ರೇಟು, ಕಾಫಿಗೆ ಐವತ್ತು ಕಿಲೋದ್ದು. ಸಕಲೇಶಪುರದ ಕಡೆಯ ಎಸ್ಟೇಟಿನವರಂತೂ ಮಳೆಯನ್ನು ಇಂಚು-ಸೆಂಟಿನಲ್ಲೇ ಹೇಳುತ್ತಾರೆ, ನೂರು ಸೆಂಟಿಗೆ ಒಂದಿಂಚು. ಇಷ್ಟೆಲ್ಲ ಪದ್ಧತಿಗಳು ಒಂದೇ ಸೂರಿನಡಿ ಜಗಳವಿಲ್ಲದೆ ಸಂಸಾರ ಮಾಡಿಕೊಂಡಿವೆ. ಅಂದ್ರೆಷ್ಟಣ್ಣ ಮಾತ್ರ ಪಂಚಾಯ್ತಿಗೆ ಕೂರುತ್ತಾರೆ.

ಒಮ್ಮೆ ಅವರ ಮನೆಯವರಿಗೆ ಜ್ವರ. ಥರ್ಮಾಮೀಟರು 102 ತೋರಿಸಿತು. "ಗಾಬರಿ ಯಾಕೆ? ಸೆಲ್ಸಿಯಸ್ಸಲ್ಲಿ ಮೂವತ್ತೊಂಬತ್ತೂ ಇಲ್ಲ" ಎಂದರು ಅಣ್ಣ. "ಹಂಗಾದ್ರೆ ಇವತ್ತು ಸೆಲ್ಸಿಯಸ್ಸಲ್ಲೇ ಅಡಿಗೆ ಮಾಡ್ಕಳಿ" ಎಂದು ಅಮ್ಮಾವ್ರು ಕಂಬಳಿ ಹೊದ್ದು ಮಲಗಿದರು.

ಆದರೂ ಒಂದು ಜಾಗದಲ್ಲಿ ಅಣ್ಣನನ್ನು ಮೀರಿಸುವವರಿಲ್ಲ. ಅದು ಪಹಣಿ. ಬೆಂಗಳೂರಿನಿಂದ ಜಮೀನು ನೋಡಲು ಬಂದವರೊಬ್ಬರು ಎರಡು ಪಹಣಿ ಹಿಡಿದು ಟೀ ಅಂಗಡಿಯಲ್ಲಿ ಕೂತಿದ್ದರು. ಎರಡರಲ್ಲೂ ವಿಸ್ತೀರ್ಣ 1.30. ಮೊಬೈಲಿನಲ್ಲಿ ಕೂಡಿ "ಒಟ್ಟು ಎರಡು ಪಾಯಿಂಟ್ ಆರು ಎಕರೆ" ಎಂದರು. ಅಣ್ಣ ಲೋಟ ಕೆಳಗಿಟ್ಟರು.

"ಸ್ವಾಮಿ, ಅದು ಪಾಯಿಂಟ್ ಅಲ್ಲ, ಗುಂಟೆ. ನಲವತ್ತು ಗುಂಟೆಗೆ ಒಂದೆಕರೆ. ಒಂದೆಕರೆ ಮೂವತ್ತು, ಇನ್ನೊಂದು ಒಂದೆಕರೆ ಮೂವತ್ತು. ಅಂದ್ರೆ ಎಷ್ಟಾಯ್ತು? ಮೂರೆಕರೆ ಇಪ್ಪತ್ತು!"

ಬಂದವರು ಮೊಬೈಲನ್ನೂ ಇವರನ್ನೂ ನೋಡಿದರು. ಅಣ್ಣ ಆಗಲೇ ಪೆನ್ನು ತೆಗೆದು ಅವರ ಲಕೋಟೆಯ ಮೇಲೆ ಬರೆಯತೊಡಗಿದ್ದರು. ಮೂವತ್ಮೂರು ಅಡಿಯ ಸರಪಳಿ, ಉದ್ದ ಒಂದು, ಅಗಲ ಒಂದು, ಅದೇ ಗುಂಟೆ, 1,089 ಚದರಡಿ. ಗುಂಟೆಗೆ ಹದಿನಾರಾಣೆ. (ಆಣೆ ಎನ್ನುವಾಗ ಮುಖದಲ್ಲಿ ಒಂದು ಕಳೆ.) ಎಕರೆಗೆ 43,560 ಚದರಡಿ. ಹೆಕ್ಟೇರು ಬೇಕೋ? ಎರಡೆಕರೆ ಹತ್ತೊಂಬತ್ತು ಗುಂಟೆಗೆ ಚೂರು ಕಡಿಮೆ. ಲಕೋಟೆ ತುಂಬಿತು. ಮುಕ್ಕಾಲೆಕರೆಗೂ ಮೇಲೆ ಜಮೀನು ಹೆಚ್ಚಾದ ಖುಷಿಗೆ ಅವರು ಅಣ್ಣನಿಗೆ ಇನ್ನೊಂದು ಟೀ ಹೇಳಿದರು. ಎಕರೆ ಲೆಕ್ಕದಲ್ಲಿ ದುಡ್ಡೂ ಅಷ್ಟೇ ಹೆಚ್ಚಾಯಿತು ಎಂಬುದು ಟೀ ಮುಗಿದ ಮೇಲೆ ಹೊಳೆಯಿತು.

ಬೋರ್‌ವೆಲ್ಲಿನ ವಿಷಯದಲ್ಲಿ ಮಾತ್ರ ಅವರ ಜ್ಞಾನ ಊರಿಗೆ ಒಳ್ಳೆಯದು ಮಾಡಿಲ್ಲ. ಇಲ್ಲಿ ಆಳ ಅಡಿಯಲ್ಲಿ, ಮೋಟಾರು ಎಚ್‌ಪಿಯಲ್ಲಿ, ನೀರು ಇಂಚಿನಲ್ಲಿ. ಒಬ್ಬನಿಗೆ ಎರಡಿಂಚು ನೀರು ಬಿತ್ತು. ಪಕ್ಕದ ತೋಟದವನದು ಒಂದಿಂಚು. ಅವನದರಲ್ಲಿ ಅರ್ಧವಾದರೂ ಇದೆಯಲ್ಲ ಎಂದು ಸಮಾಧಾನವಾಗಿದ್ದ. ಅಣ್ಣ ಬಂದು ಕೇಳಿದರು: "ಅರ್ಧ ಅಂತ ಯಾರ್ಲಾ ಹೇಳಿದ್ದು? ವಿ ಆಕಾರದ ಕಚ್ಚಿನ ತಗಡಲ್ಲಿ ಹರಿಯೋ ನೀರಿನ ಎತ್ತರ ಅಲ್ವಾ ಅದು? ಎತ್ತರ ಹೆಚ್ಚಿದಂಗೆ ಅಗಲಾನೂ ಹೆಚ್ತದೆ, ರಭಸಾನೂ ಹೆಚ್ತದೆ. ಎರಡಿಂಚು ಅಂದ್ರೆ ನಿನ್ನ ನೀರಿನ ಐದೂವರೆ ಪಟ್ಟಿಗೂ ಮೇಲೆ ಕಣೋ!" ಲೆಕ್ಕ ಪಕ್ಕಾ. ಅಕ್ಕಪಕ್ಕದ ಆ ಇಬ್ಬರಿಗೆ ಮಾತು ಬಿಟ್ಟಿದ್ದು ಅವತ್ತಿನಿಂದಲೇ.

ಯಾರಾದರೂ ಇದೆಲ್ಲ ಯಾಕಣ್ಣ ಎಂದರೆ ಮಂಗಳ ಗ್ರಹಕ್ಕೆ ಹೋಗುತ್ತಾರೆ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕೈತಪ್ಪಿ ಹೋದದ್ದು ಇದರಿಂದಲೇ: ಒಂದು ಕಡೆಯವರ ಲೆಕ್ಕ ಪೌಂಡಿನಲ್ಲಿ, ಇನ್ನೊಂದು ಕಡೆಯವರದು ನ್ಯೂಟನ್ನಿನಲ್ಲಿ. ತಿರುಗಿಸುವವರು ನಡುವೆ ಯಾರೂ ಇರಲಿಲ್ಲ. "ಒಂದು ಕಾಗದ ಹಾಕಿದ್ರೆ ನಾನೇ ಹೋಗ್ತಿದ್ದೆ" ಎನ್ನುತ್ತಾರೆ, ಮನೆಯವರನ್ನೇ ಕಳಕೊಂಡ ದನಿಯಲ್ಲಿ.

ಅಂಥವರೂ ತಬ್ಬಿಬ್ಬಾದದ್ದು ಅಮೆರಿಕದಿಂದ ಅಳಿಯ ಬಂದಾಗ. ಕಾರು ಗ್ಯಾಲನ್ನಿಗೆ ಮೂವತ್ತು ಮೈಲಿ ಓಡುತ್ತದೆ ಎಂದರು ಅಳಿಯಂದಿರು. ಗ್ಯಾಲನ್ನಿಗೆ 4.546 ಲೀಟರ್, ಅಂದ್ರೆ ಎಷ್ಟಾಯ್ತು? ಲೀಟರಿಗೆ ಹತ್ತೂವರೆ ಕಿಲೋಮೀಟರು. "ಮಾರ್ಬಿಡಿ ಅಳಿಯಂದ್ರೆ, ಅದು ಕಾರಲ್ಲ, ಲಾರಿ." ಅಳಿಯ ಮೆಲ್ಲಗೆ, ಅಲ್ಲಿನ ಗ್ಯಾಲನ್ನೇ ಚಿಕ್ಕದು ಮಾವ, 3.785 ಲೀಟರು ಎಂದರು. ಇಂಗ್ಲೆಂಡು 1824ರಲ್ಲಿ ಹೊಸ ಗ್ಯಾಲನ್ ಮಾಡಿಕೊಂಡಿತು, ಅಮೆರಿಕದವರು ವೈನ್ ಅಳೆಯುವ ಹಳೆಯದನ್ನೇ ಇಟ್ಟುಕೊಂಡರು. ಒಂದೇ ಹೆಸರಿನ ಎರಡು ಗ್ಯಾಲನ್! ಅವತ್ತು ರಾತ್ರಿ ಅಣ್ಣ ಊಟ ಸರಿಯಾಗಿ ಮಾಡಲಿಲ್ಲವಂತೆ. ಬೆಳಿಗ್ಗೆ ಏಳುವ ಹೊತ್ತಿಗೆ ಮುಖದಲ್ಲಿ ಹೊಸ ಹುರುಪು.

ಆದರೆ ಹಗರೆಯಲ್ಲಿ ಗ್ಯಾಲನ್ ಎನ್ನುವವರು ಎಲ್ಲಿದ್ದಾರೆ? ಕಾದರು. ಕೊನೆಗೆ ತಮಿಳುನಾಡಿನ ತಿರುಚೆಂಗೋಡಿನಿಂದ ಬಂದ ರಿಗ್ ಲಾರಿಯವನು, ಗಂಟೆಗೆ ಇಷ್ಟು ಗ್ಯಾಲನ್ ಬರುತ್ತೆ ಸಾರ್ ಎಂದ. "ಯಾವ ಗ್ಯಾಲನ್ನಪ್ಪ? ಇಂಗ್ಲೆಂಡಿಂದೋ ಅಮೆರಿಕದ್ದೋ?" ಎಂದು ಅಣ್ಣ ಪೆನ್ನು ತೆಗೆದರು. ಅವನು ತನ್ನ ಹುಡುಗನಿಗೆ ತಮಿಳಿನಲ್ಲಿ ಏನೋ ಹೇಳಿ, ಅಡಿಗೆ ಹತ್ತು ರೂಪಾಯಿ ಜಾಸ್ತಿ ಮಾಡಿದ.